ಹೆಡ್‌ಲೈಟ್ ಮಂಕಾಗಿದೆಯೇ? ಹೊಸ ಬಲ್ಬ್ ತರುವ ಮೊದಲು ದೋಷ ಹುಡುಕಿ

ರಾತ್ರಿ ರಸ್ತೆ ಸರಿಯಾಗಿ ಕಾಣುತ್ತಿಲ್ಲ ಅನ್ನಿಸಿದ ಕೂಡಲೇ ಬಹಳ ಜನ ಜಾಸ್ತಿ ವ್ಯಾಟ್‌ನ ಬಲ್ಬ್ ಹುಡುಕುತ್ತಾರೆ, ಇಲ್ಲವೇ ಎಲ್‌ಇಡಿ ಕಿಟ್ ತಂದು ಹಾಕುತ್ತಾರೆ. ಆದರೆ ಕೆಲವು ವರ್ಷ ಓಡಿದ ಕಾರಿನಲ್ಲಿ ತಪ್ಪು ಬಲ್ಬಿನದ್ದೇ ಆಗಿರಬೇಕು ಅಂತೇನಿಲ್ಲ. ಬಲ್ಬಿಗೆ ಬೇಕಾದಷ್ಟು ವೋಲ್ಟೇಜ್ ಬರುತ್ತಿರುವುದಿಲ್ಲ, ಅಥವಾ ಮುಂದಿನ ಲೆನ್ಸ್ ಹಳದಿಯಾಗಿರುತ್ತದೆ, ಅಥವಾ ಬೆಳಕು ಬೀಳಬೇಕಾದ ಜಾಗ ಬಿಟ್ಟು ಬೇರೆಲ್ಲೋ ಬೀಳುತ್ತಿರುತ್ತದೆ. ಇವನ್ನು ಸರಿಪಡಿಸದೆ ದೊಡ್ಡ ಬಲ್ಬ್ ಹಾಕಿದರೆ ದೋಷ ಹಾಗೇ ಉಳಿಯುತ್ತದೆ, ಮೇಲೆ ವೈರಿಂಗ್ ಬೇರೆ ಬಿಸಿಯಾಗುತ್ತದೆ. ಹಾಗಾಗಿ ಮೊದಲು ಪರೀಕ್ಷೆ, ಆಮೇಲೆ ಖರ್ಚು.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಒಂದು ಸಾಧಾರಣ ಮಲ್ಟಿಮೀಟರ್, ಸ್ಕ್ರೂಡ್ರೈವರ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಸಣ್ಣ ವೈರ್ ಬ್ರಷ್, ಸ್ವಚ್ಛ ಬಟ್ಟೆ ಸಾಕು. ಕೆಲಸಕ್ಕೆ ಕೈಹಾಕುವ ಮೊದಲು ದೀಪ ಆರಿಸಿ, ಬಲ್ಬ್ ಪೂರ್ತಿ ತಣ್ಣಗಾಗಲು ಬಿಡಿ. ಹ್ಯಾಲೊಜನ್ ಬಲ್ಬಿನೊಳಗೆ ಅನಿಲ ಒತ್ತಡದಲ್ಲಿರುತ್ತದೆ, ಕೈಯಲ್ಲಿ ಒಡೆದರೆ ಚೂರು ಕಣ್ಣಿಗೆ ಸಿಡಿಯಬಹುದು. ಕನ್ನಡಕ ಹಾಕಿಕೊಳ್ಳಿ. ಕಾರಿನಲ್ಲಿ ಕಂಪನಿಯಿಂದಲೇ ಬಂದ ಎಚ್‌ಐಡಿ ದೀಪ (ಫಿಲಮೆಂಟ್ ಇಲ್ಲದೆ ಅನಿಲದೊಳಗಿನ ವಿದ್ಯುತ್ ಕಿಡಿಯಿಂದ ಬೆಳಗುವ ದೀಪ) ಇದ್ದರೆ ಇನ್ನೂ ಎಚ್ಚರ ಬೇಕು. ಅದನ್ನು ಹೊತ್ತಿಸಲು ಇಗ್ನೈಟರ್ 20,000 ವೋಲ್ಟ್‌ಗೂ ಜಾಸ್ತಿ ಹುಟ್ಟಿಸುತ್ತದೆ. ಸ್ವಿಚ್ ಆನ್ ಇರುವಾಗ ಅದರ ಕನೆಕ್ಟರ್ ಮುಟ್ಟಲೇಬೇಡಿ.

ಲಕ್ಷಣ ಏನು ಹೇಳುತ್ತದೆ?

ಒಂದು ಬದಿ ಮಾತ್ರ ಉರಿಯುತ್ತಿಲ್ಲ ಅಂದರೆ ಮೊದಲ ಅನುಮಾನ ಬಲ್ಬಿನ ಮೇಲೆ. ಖಾತ್ರಿ ಮಾಡಿಕೊಳ್ಳಲು ಎಡಗಡೆ ಬಲ್ಬನ್ನು ಬಲಗಡೆಗೂ, ಬಲಗಡೆಯದನ್ನು ಎಡಗಡೆಗೂ ಹಾಕಿ ನೋಡಿ. ಬಲ್ಬಿನ ಜೊತೆ ದೋಷವೂ ಆ ಕಡೆ ಹೋದರೆ ಬಲ್ಬ್ ಹೋಗಿದೆ. ದೋಷ ಇದ್ದಲ್ಲೇ ಇದ್ದರೆ ಫ್ಯೂಸ್, ಹೋಲ್ಡರ್, ಅರ್ತಿಂಗ್ (ಕರೆಂಟ್ ಕಾರಿನ ಲೋಹದ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಈ ಮೂರನ್ನು ನೋಡಬೇಕು. ಎಡಕ್ಕೂ ಬಲಕ್ಕೂ, ಲೋ ಬೀಮಿಗೂ ಹೈ ಬೀಮಿಗೂ ಬೇರೆ ಬೇರೆ ಫ್ಯೂಸ್ ಇರುವ ಕಾರುಗಳು ಬಹಳ ಇವೆ. ಹಾಗಾಗಿ ಒಂದು ಫ್ಯೂಸ್ ಚೆನ್ನಾಗಿದೆ ಅಂತ ಸುಮ್ನೆ ಮುಂದೆ ಹೋಗಬೇಡಿ.

ಎರಡೂ ಲೋ ಬೀಮ್ ಒಟ್ಟಿಗೆ ಹೋದ ಹಾಗೆ ಕಂಡರೆ ಎಲ್ಲರೂ ಸ್ವಿಚ್ ಅಥವಾ ರಿಲೇ (ಚೂರು ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಭಾಗ) ಹುಡುಕಿಕೊಂಡು ಹೋಗುತ್ತಾರೆ. ಅದಕ್ಕೂ ಮುಂಚೆ ಎರಡೂ ಬಲ್ಬ್ ಕಳಚಿ ನೋಡಿ. ಒಂದು ಯಾವಾಗಲೋ ಹೋಗಿರುತ್ತದೆ, ಯಾರೂ ಗಮನಿಸಿರುವುದಿಲ್ಲ. ಇನ್ನೊಂದು ಹೋದ ದಿನ ಎರಡೂ ಒಟ್ಟಿಗೆ ಹೋದವು ಅನ್ನಿಸುತ್ತದೆ. ಬಲ್ಬ್ ಎರಡೂ ಚೆನ್ನಾಗಿದ್ದರೆ ಆಗ ರಿಲೇ ನೋಡಿ. ಫ್ಯೂಸ್ ಬಾಕ್ಸಿನಲ್ಲಿ ಹಾರ್ನ್‌ಗೋ ಇನ್ಯಾವುದಕ್ಕೋ ಅದೇ ನಂಬರಿನ ರಿಲೇ ಇದ್ದರೆ ಎರಡನ್ನೂ ಅದಲುಬದಲು ಮಾಡಿ ಪರೀಕ್ಷಿಸಬಹುದು. ದೀಪದ ಸ್ವಿಚ್ ಹಾಕಿದಾಗ ರಿಲೇ ಟಕ್ ಅನ್ನುತ್ತದೆ, ಆದರೂ ದೀಪ ಬರುವುದಿಲ್ಲ ಅಂದರೆ ಒಳಗಿನ ಪಾಯಿಂಟ್ ಸುಟ್ಟಿರಬಹುದು. ಟಕ್ ಅನ್ನುವುದೇ ಇಲ್ಲ ಅಂದರೆ ಸ್ಟಿಯರಿಂಗ್ ಪಕ್ಕದ ಸ್ವಿಚ್ ಅಥವಾ ಅದರ ವೈರಿನ ಕಡೆ ತಿರುಗಿ.

ಇನ್ನೊಂದು ಲಕ್ಷಣ ನೋಡಲು ವಿಚಿತ್ರ, ಆದರೆ ಪತ್ತೆ ಸುಲಭ. ಒಂದು ಬದಿ ಮಂಕು. ಲೋ ಹಾಕಿದರೆ ಹೈ ಬೀಮಿನ ಫಿಲಮೆಂಟೂ ಕೆಂಪಗೆ ಮಿಣುಕುತ್ತದೆ. ಡ್ಯಾಶ್‌ಬೋರ್ಡಿನ ನೀಲಿ ದೀಪವೂ ಅರೆಬರೆ ಉರಿಯಬಹುದು. ಇದು ಅರ್ತಿಂಗ್ ಕೆಟ್ಟಿರುವ ಗುರುತು. ಕರೆಂಟಿಗೆ ಕಾರಿನ ಬಾಡಿಯೊಳಕ್ಕೆ ವಾಪಸ್ ಹೋಗುವ ದಾರಿ ಸಿಗದೆ ಇನ್ನೊಂದು ಫಿಲಮೆಂಟಿನ ಮೂಲಕ ಸುತ್ತಿಕೊಂಡು ಹೋಗುತ್ತಿರುತ್ತದೆ. ಹೆಡ್‌ಲೈಟ್ ಹತ್ತಿರ ಕಾರಿನ ಬಾಡಿಗೆ ಬೋಲ್ಟ್ ಹಾಕಿದ ಕಪ್ಪು ಅಥವಾ ಕಂದು ವೈರ್ ಹುಡುಕಿ. ಬೋಲ್ಟ್ ಬಿಚ್ಚಿ, ಕೆಳಗಿನ ತುಕ್ಕು ಮತ್ತು ಪೇಂಟನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಬಿಗಿಯಾಗಿ ಮತ್ತೆ ಕೂರಿಸಿ. ಮೇಲೆ ಸ್ವಲ್ಪ ಗ್ರೀಸ್ ಸವರಿದರೆ ಮತ್ತೆ ಬೇಗ ತುಕ್ಕು ಹಿಡಿಯುವುದಿಲ್ಲ.

ಎರಡೂ ದೀಪ ಐಡ್ಲಿಂಗಿನಲ್ಲಿ ಮಂಕಾಗಿ, ಆಕ್ಸಿಲರೇಟರ್ ಒತ್ತಿದಾಗ ಬೆಳಗಿದರೆ ಹೆಡ್‌ಲೈಟಿನಲ್ಲಿ ಹುಡುಕಬೇಡಿ. ಆಲ್ಟರ್ನೇಟರ್ (ಇಂಜಿನ್ ಓಡುವಾಗ ವಿದ್ಯುತ್ ಹುಟ್ಟಿಸುವ ಭಾಗ), ಅದರ ಬೆಲ್ಟ್, ಬ್ಯಾಟರಿ ಟರ್ಮಿನಲ್ ನೋಡಿ. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. 15 ದಾಟಿದರೆ ಅದರ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಬಲ್ಬುಗಳು ಒಂದರ ಹಿಂದೆ ಒಂದು ಸುಡುತ್ತಿದ್ದರೆ ಈ ಅಳತೆಯನ್ನು ಮೊದಲು ತೆಗೆದುಕೊಳ್ಳಿ.

ಬಲ್ಬನ್ನು ಬೆಳಕಿಗೆ ಹಿಡಿದು ನೋಡಿ

ತೆಗೆದ ಬಲ್ಬನ್ನು ಹಾಗೇ ಬಿಸಾಡಬೇಡಿ. ಅದರ ಗಾಜೇ ಅರ್ಧ ಕಥೆ ಹೇಳುತ್ತದೆ. ಒಳಗೆ ಕಪ್ಪು ಅಥವಾ ಬೆಳ್ಳಿಬಣ್ಣ ಕೂತಿದ್ದರೆ ಬಲ್ಬಿಗೆ ವಯಸ್ಸಾಗಿದೆ, ಫಿಲಮೆಂಟಿನ ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಅಂಟಿದೆ. ಅದು ಇನ್ನೂ ಉರಿಯುತ್ತಿದ್ದರೂ ಬೆಳಕು ಕಡಿಮೆ. ಒಳಗೆ ಹಾಲಿನಂಥ ಬಿಳಿ ಹೊಗೆ ಕಂಡರೆ ಎಲ್ಲೋ ಗಾಳಿ ಒಳಹೊಕ್ಕಿದೆ. ಗಾಜು ಒಂದು ಕಡೆ ಗುಳ್ಳೆಯ ಹಾಗೆ ಉಬ್ಬಿದ್ದರೆ ಹಾಕುವಾಗ ಯಾರೋ ಬೆರಳು ಮುಟ್ಟಿಸಿರಬೇಕು. ಬೆರಳಿನ ಎಣ್ಣೆ ಬಿಸಿಗೆ ಕರಕಲಾಗಿ ಆ ಜಾಗ ಮಾತ್ರ ಅತಿಯಾಗಿ ಕಾಯುತ್ತದೆ, ಗಾಜು ಅಲ್ಲೇ ಸೋಲುತ್ತದೆ. ಹೊಸ ಬಲ್ಬನ್ನು ಬುಡದಲ್ಲಿ ಹಿಡಿದೇ ಹಾಕಿ. ಅಕಸ್ಮಾತ್ ಗಾಜಿಗೆ ಕೈ ತಾಗಿದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಕೂರಿಸಿ.

ಒಂದು ಬದಿಯ ಬಲ್ಬ್ ವಯಸ್ಸಾಗಿ ಹೋದರೆ ಎರಡನ್ನೂ ಬದಲಿಸುವುದು ಒಳ್ಳೆಯದು. ಅಷ್ಟೇ ಗಂಟೆ ಉರಿದಿರುವ ಇನ್ನೊಂದು ಬಲ್ಬೂ ಹೆಚ್ಚು ದಿನ ಬಾಳುವುದಿಲ್ಲ. ಅದೂ ಅಲ್ಲದೆ ಎರಡು ಬದಿಯ ಬೆಳಕು ಬೇರೆ ಬೇರೆ ಇದ್ದರೆ ಕಣ್ಣಿಗೆ ಕಷ್ಟ.

ಫಿಲಮೆಂಟ್ ಇಡಿಯಾಗಿದೆ, ಮೀಟರಿನಲ್ಲಿ ಕಂಟಿನ್ಯುಟಿಯೂ (ಕರೆಂಟಿನ ದಾರಿ ತುಂಡಾಗಿಲ್ಲ ಅನ್ನುವ ಸೂಚನೆ) ಬರುತ್ತಿದೆ, ಆದರೂ ದೀಪ ಉರಿಯುತ್ತಿಲ್ಲ ಅಂದರೆ ಹೋಲ್ಡರನ್ನು ಟಾರ್ಚ್ ಬೆಳಕಿನಲ್ಲಿ ಹತ್ತಿರದಿಂದ ನೋಡಿ. ಪ್ಲಾಸ್ಟಿಕ್ ಒಂದು ತೂತಿನ ಸುತ್ತ ಮಾತ್ರ ಕಂದಾಗಿರುತ್ತದೆ, ಕೆಲವೊಮ್ಮೆ ಕರಗಿ ಪಿನ್ನಿಗೆ ಅಂಟಿಕೊಂಡಿರುತ್ತದೆ. ಒಳಗಿನ ಹಿತ್ತಾಳೆ ಟರ್ಮಿನಲ್ ಹೊಳಪು ಕಳೆದುಕೊಂಡು ನೀಲಿ ಮಿಶ್ರಿತ ಕಪ್ಪಾಗಿರುತ್ತದೆ, ಅದರ ಹಿಡಿತ ಸಡಿಲ. ನೀರು ಹೊಕ್ಕ ಜಾಗವಾದರೆ ಹಸಿರು ಕಿಲುಬು ಕಟ್ಟಿರುತ್ತದೆ. ಬರೀ ಕಿಲುಬಾದರೆ ಕಾಂಟ್ಯಾಕ್ಟ್ ಕ್ಲೀನರ್ ಮತ್ತು ಬ್ರಷ್ ಸಾಕು. ಕಾದು ಬಣ್ಣ ಬದಲಾದ ಟರ್ಮಿನಲ್ ಮಾತ್ರ ಸ್ಪ್ರಿಂಗ್ ಗುಣ ಕಳೆದುಕೊಂಡಿರುತ್ತದೆ. ಅದನ್ನು ಇಕ್ಕಳದಲ್ಲಿ ಬಿಗಿ ಮಾಡಿದರೂ ಮತ್ತೆ ಸಡಿಲವಾಗುತ್ತದೆ. ಹೋಲ್ಡರ್ ಬದಲಿಸಿ, ಸೆರಾಮಿಕ್ ಸಿಕ್ಕರೆ ಇನ್ನೂ ಒಳ್ಳೆಯದು. ಹಳೆಯ ವೈರಿನ ತುದಿ ಕಪ್ಪಾಗಿದ್ದರೆ ತಾಮ್ರ ಹೊಳೆಯುವವರೆಗೆ ಹಿಂದಕ್ಕೆ ಕತ್ತರಿಸಿ ಅಲ್ಲಿಂದ ಕ್ರಿಂಪ್ ಮಾಡಿ (ಟರ್ಮಿನಲನ್ನು ವೈರಿಗೆ ಒತ್ತಿ ಬಿಗಿಸಿ). ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಜೋಡಣೆ ಈ ಕರೆಂಟಿಗೆ ತಾಳುವುದಿಲ್ಲ.

ವೋಲ್ಟೇಜ್ ಎಲ್ಲಿ ಸೋರುತ್ತಿದೆ?

ಈ ಬರಹದಲ್ಲಿ ಒಂದೇ ಒಂದು ಪರೀಕ್ಷೆ ಮಾಡುವುದಾದರೆ ಇದನ್ನು ಮಾಡಿ. ಎರಡೂ ಬದಿ ಮಂಕಾಗಿರುವ ಹಳೆಯ ಕಾರುಗಳಲ್ಲಿ ಉತ್ತರ ಹೆಚ್ಚಾಗಿ ಇಲ್ಲೇ ಸಿಗುತ್ತದೆ.

ಬಹಳ ಜನ ಬಲ್ಬಿನಿಂದ ಕನೆಕ್ಟರ್ ಕಳಚಿ, ಮೀಟರಿನ ಕಡ್ಡಿ ಅದರೊಳಗೆ ತೂರಿಸಿ, 12 ವೋಲ್ಟ್ ಬರ್ತಾ ಇದೆ, ವೈರಿಂಗ್ ಸರಿ ಇದೆ ಅಂತ ತೀರ್ಮಾನ ಮಾಡುತ್ತಾರೆ. ಈ ಅಳತೆಗೆ ಬೆಲೆ ಇಲ್ಲ. ಮೀಟರ್ ಎಳೆಯುವ ಕರೆಂಟ್ ತೀರಾ ಅಲ್ಪ. ಒಂದೇ ಎಳೆ ಉಳಿದಿರುವ ವೈರಿನಲ್ಲೂ, ತುಕ್ಕು ಹಿಡಿದ ಪಾಯಿಂಟಿನಲ್ಲೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಬಲ್ಬ್ ಹಾಕಿ 4–5 ಆಂಪಿಯರ್ ಹರಿಯಲು ಶುರುವಾದಾಗಲೇ ವೋಲ್ಟೇಜ್ ಕುಸಿಯುವುದು. ಪೈಪ್ ಒಳಗೆ ಪಾಚಿ ಕಟ್ಟಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡ ಸರಿಯಾಗಿಯೇ ಇರುತ್ತದಲ್ವಾ, ಹಾಗೆ.

ಆದ್ದರಿಂದ ಕನೆಕ್ಟರ್ ಬಲ್ಬಿಗೆ ಸಿಕ್ಕಿಸಿಯೇ ಇರಲಿ, ದೀಪ ಉರಿಯುತ್ತಲೇ ಇರಲಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಇಂಜಿನ್ ಓಡುತ್ತಿದ್ದರೆ ಫ್ಯಾನ್ ಮತ್ತು ಬೆಲ್ಟಿನ ಹತ್ತಿರ ಕೈ, ವೈರ್, ಬಟ್ಟೆಯ ತುದಿ ಹೋಗದಂತೆ ನೋಡಿಕೊಳ್ಳಿ. ಮೊದಲು ಬ್ಯಾಟರಿಯ ಎರಡು ಟರ್ಮಿನಲ್ ಮೇಲೆ ಅಳೆಯಿರಿ. ಆಮೇಲೆ ಕನೆಕ್ಟರಿನ ಹಿಂಭಾಗದಿಂದ ವೈರ್ ಪಕ್ಕದಲ್ಲಿ ತೆಳುವಾದ ಪಿನ್ ತೂರಿಸಿ ಬಲ್ಬಿನ ಎರಡು ಪಿನ್ನುಗಳ ನಡುವೆ ಅಳೆಯಿರಿ. ಬ್ಯಾಟರಿಯಲ್ಲಿ 13.9, ಬಲ್ಬಿನಲ್ಲಿ 11.8 ಬಂತು ಅಂದುಕೊಳ್ಳಿ. ದಾರಿಯಲ್ಲಿ 2.1 ವೋಲ್ಟ್ ಸೋರಿತು. ಅದೆಲ್ಲ ಯಾವುದೋ ಒಂದು ಜೋಡಣೆಯಲ್ಲಿ ಶಾಖವಾಗಿ ಹೋಗುತ್ತಿದೆ.

ಈಗ ಯಾವ ಬದಿ ಅಂತ ಪತ್ತೆ ಮಾಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಮೇಲೆ, ಇನ್ನೊಂದು ಬಲ್ಬಿನ ಪಾಸಿಟಿವ್ ಪಿನ್ ಮೇಲೆ. ಬರುವ ಅಂಕಿಯೇ ಪಾಸಿಟಿವ್ ಬದಿಯ ನಷ್ಟ. ಅರ್ಧ ವೋಲ್ಟಿನ ಒಳಗಿದ್ದರೆ ಸರಿ. ಹಾಗೇ ಬ್ಯಾಟರಿಯ ನೆಗೆಟಿವ್‌ನಿಂದ ಬಲ್ಬಿನ ಅರ್ತಿಂಗ್ ಪಿನ್ನಿಗೆ ಅಳೆಯಿರಿ. ಇಲ್ಲಿ 0.2 ವೋಲ್ಟ್ ದಾಟಬಾರದು. ನಷ್ಟ ಪಾಸಿಟಿವ್ ಬದಿಯಲ್ಲಿದ್ದರೆ ಮೊದಲ ಕಡ್ಡಿಯನ್ನು ಬ್ಯಾಟರಿ ಮೇಲೇ ಬಿಟ್ಟು ಎರಡನೆಯದನ್ನು ಒಂದೊಂದೇ ಹೆಜ್ಜೆ ಮುಂದಕ್ಕೆ ಒಯ್ಯಿರಿ. ಫ್ಯೂಸಿನ ಆಚೆ, ರಿಲೇಯ ಆಚೆ, ಸ್ವಿಚ್ಚಿನ ಆಚೆ, ಕೊನೆಗೆ ಹೋಲ್ಡರ್. ಅಂಕಿ ಎಲ್ಲಿ ಗಕ್ಕನೆ ಏರುತ್ತದೋ ಅದೇ ಜೋಡಣೆ ಕೆಟ್ಟಿದೆ. ಊಹೆಯ ಮಾತೇ ಇಲ್ಲ.

ಒಂದು ವಿಷಯ ನೆನಪಿರಲಿ. ಕೆಲವು ಕಾರುಗಳಲ್ಲಿ ಎಚ್4 ಬಲ್ಬಿಗೆ (ಲೋ, ಹೈ ಎರಡೂ ಫಿಲಮೆಂಟ್ ಒಂದರಲ್ಲೇ ಇರುವ ಬಲ್ಬ್) ಪಾಸಿಟಿವ್ ಸದಾ ಬರುತ್ತಿರುತ್ತದೆ, ಸ್ವಿಚ್ ಕೆಲಸ ಮಾಡುವುದು ಅರ್ತಿಂಗ್ ಬದಿಯಲ್ಲಿ. ಅಂಥಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದರೆ ಎಲ್ಲ ಉಲ್ಟಾ ಕಾಣುತ್ತದೆ. ನಿಮ್ಮ ಕಾರಿನ ವೈರಿಂಗ್ ನಕ್ಷೆ ಸಿಕ್ಕರೆ ಮೊದಲು ಅದನ್ನು ನೋಡಿಕೊಳ್ಳಿ.

ಒಂದೂವರೆ ವೋಲ್ಟ್ ಕಡಿಮೆಯಾದರೆ ಏನು ಮಹಾ ಅನ್ನಿಸಬಹುದು. ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಸಮವಾಗಿ ಇಳಿಯುವುದಿಲ್ಲ, ಸುಮಾರು ಅದರ 3.4ನೇ ಘಾತದಲ್ಲಿ ಇಳಿಯುತ್ತದೆ. ಬಲ್ಬಿನ ಬೆಳಕನ್ನು ಅಳೆದು ಹೇಳುವುದು 13.2 ವೋಲ್ಟಿನಲ್ಲಿ. 12 ವೋಲ್ಟ್ ಮಾತ್ರ ಸಿಕ್ಕರೆ ಕಾಲು ಭಾಗಕ್ಕಿಂತ ಜಾಸ್ತಿ ಬೆಳಕು ಹೋಯಿತು. 10.5ಕ್ಕೆ ಇಳಿದರೆ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ, ಬಣ್ಣವೂ ಹಳದಿ ಕೆಂಪಿಗೆ ತಿರುಗುತ್ತದೆ. ಇಂಥ ವೈರಿಂಗಿಗೆ 100 ವ್ಯಾಟ್‌ನ ಬಲ್ಬ್ ಹಾಕಿದರೆ ಕರೆಂಟ್ ಜಾಸ್ತಿಯಾಗಿ ನಷ್ಟವೂ ಜಾಸ್ತಿಯಾಗುತ್ತದೆ. ಹೋಲ್ಡರ್ ಕರಗುತ್ತದೆ, ಪ್ಲಾಸ್ಟಿಕ್ ರಿಫ್ಲೆಕ್ಟರ್ ಸುಡುತ್ತದೆ. ಇರುವ 55 ವ್ಯಾಟ್ ಬಲ್ಬಿಗೆ ಪೂರ್ತಿ ವೋಲ್ಟೇಜ್ ತಲುಪಿಸುವುದೇ ನಿಜವಾದ ಅಪ್‌ಗ್ರೇಡ್.

ರಿಲೇ ವೈರಿಂಗ್ ಯಾವಾಗ ಹಾಕಬೇಕು?

ಹಳೆಯ ವಿನ್ಯಾಸದ ಕಾರುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಸ್ಟಿಯರಿಂಗ್ ಪಕ್ಕದ ಸ್ವಿಚ್ಚಿನ ಮೂಲಕವೇ ಹೋಗುತ್ತದೆ. ಎರಡು 60 ವ್ಯಾಟ್ ಹೈ ಬೀಮ್ ಅಂದರೆ 12 ವೋಲ್ಟಿನಲ್ಲಿ 10 ಆಂಪಿಯರ್. ಉದ್ದದ ತೆಳು ವೈರ್, ಸವೆದ ಸ್ವಿಚ್ ಪಾಯಿಂಟ್ ಎರಡೂ ಸೇರಿ ವೋಲ್ಟೇಜ್ ತಿನ್ನುತ್ತವೆ. ಇಂಥ ಕಾರಿಗೆ ರಿಲೇ ಹಾರ್ನೆಸ್ (ರಿಲೇ, ಫ್ಯೂಸ್ ಇರುವ ಪ್ರತ್ಯೇಕ ವೈರಿಂಗ್) ಹಾಕಿದರೆ ಬೆಳಕಿನಲ್ಲಿ ಎದ್ದು ಕಾಣುವ ವ್ಯತ್ಯಾಸ ಬರುತ್ತದೆ.

ರಿಲೇಯ ಕಾಲುಗಳ ಮೇಲೆ ನಂಬರ್ ಬರೆದಿರುತ್ತದೆ. 30ಕ್ಕೆ ಬ್ಯಾಟರಿ ಪಾಸಿಟಿವ್‌ನಿಂದ ನೇರ ವೈರ್, ನಡುವೆ ಫ್ಯೂಸ್. 87ರಿಂದ ಬಲ್ಬಿಗೆ. 85 ಮತ್ತು 86 ಒಳಗಿನ ಕಾಯಿಲ್, ಇದಕ್ಕೆ ಹಳೆಯ ಹೆಡ್‌ಲೈಟ್ ಕನೆಕ್ಟರಿನಿಂದ ಸಿಗ್ನಲ್ ಮತ್ತು ಅರ್ತಿಂಗ್. ಈಗ ಸ್ವಿಚ್ ಹೊರುವುದು ಕಾಯಿಲಿಗೆ ಬೇಕಾದ ಚೂರು ಕರೆಂಟ್ ಮಾತ್ರ. ಲೋಗೆ ಒಂದು, ಹೈಗೆ ಒಂದು ರಿಲೇ ಇರಲಿ. ಒಂದೊಂದಕ್ಕೂ 15 ಆಂಪಿಯರ್ ಫ್ಯೂಸ್, 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಸಾಕು. ಫ್ಯೂಸನ್ನು ಬ್ಯಾಟರಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಇಡಿ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ತಡೆಯಲು ಏನೂ ಇರುವುದಿಲ್ಲ, ಬೆಂಕಿ ಹತ್ತಬಹುದು. ಬಲ್ಬಿನ ಅರ್ತಿಂಗಿಗೂ ಅಷ್ಟೇ ದಪ್ಪದ ವೈರ್ ಹಾಕಿ. ಪಾಸಿಟಿವ್ ಮಾತ್ರ ದಪ್ಪ ಮಾಡಿ ಅರ್ತಿಂಗ್ ಹಳೆಯದೇ ಬಿಟ್ಟರೆ ಕೆಲಸ ಅರ್ಧವೇ ಆದ ಹಾಗೆ.

ದೀಪವನ್ನು ಕಂಪ್ಯೂಟರೇ ನಡೆಸುವ ಹೊಸ ಕಾರುಗಳಿಗೆ ಇದನ್ನು ಹಾಕಬೇಡಿ. ಅಲ್ಲಿ ಕರೆಂಟ್ ಸೆಕೆಂಡಿಗೆ ಬಹಳ ಸಲ ಆನ್ ಆಫ್ ಆಗುತ್ತಾ ಬರುವುದುಂಟು. ರಿಲೇ ಅದಕ್ಕೆ ಗಡಗಡ ಬಡಿದುಕೊಂಡು ಕೆಡುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಬಲ್ಬ್ ಹೋಗಿದೆ ಅನ್ನುವ ಸೂಚನೆಯೂ ಬರಬಹುದು.

ಹಳದಿಯಾದ ಲೆನ್ಸ್

ಈಗಿನ ಲೆನ್ಸ್ ಗಾಜಲ್ಲ, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಬಿಸಿಲಿನ ಅತಿನೇರಳೆ ಕಿರಣ ತಡೆಯಲು ಮೇಲೆ ತೆಳು ಲೇಪ ಇರುತ್ತದೆ. ಹಳದಿ, ಮಬ್ಬು, ಸಿಪ್ಪೆ ಏಳುವುದು ಎಲ್ಲ ಆ ಲೇಪ ಸತ್ತಿರುವ ಲಕ್ಷಣ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಸ್ವಲ್ಪ ದಿನ ಹೊಳೆಯುತ್ತದೆ, ಆಮೇಲೆ ಮೊದಲಿನ ಹಾಗೇ ಆಗುತ್ತದೆ. ಉಳಿದ ಲೇಪವೂ ಹೋಗಿ ಪ್ಲಾಸ್ಟಿಕ್ ಬಿಸಿಲಿಗೆ ಬರಿಮೈ ಒಡ್ಡಿರುತ್ತದೆ.

ಸರಿಯಾಗಿ ಮಾಡಬೇಕಾದರೆ ಸುತ್ತಲಿನ ಪೇಂಟಿಗೆ ಟೇಪ್ ಅಂಟಿಸಿ, ನೀರು ಹಾಕುತ್ತಾ 1000 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ. ಲೇಪ ಚಕ್ಕೆ ಚಕ್ಕೆಯಾಗಿ ಎದ್ದಿದ್ದರೆ 800ರಿಂದ ಶುರು ಮಾಡಿ. ಮೊದಮೊದಲು ಹಳದಿ ನೀರು ಇಳಿಯುತ್ತದೆ. ಅದು ಬೆಳ್ಳಗೆ ಬರುವವರೆಗೆ ಮುಂದಿನ ನಂಬರಿಗೆ ಹೋಗಬೇಡಿ. ಆಮೇಲೆ 1500, 2000, 3000. ಈ ಹೊತ್ತಿಗೆ ಲೆನ್ಸ್ ಪೂರಾ ಮಂಜು ಕವಿದ ಹಾಗೆ ಕಾಣುತ್ತದೆ, ಹೆದರಬೇಡಿ. ಪಾಲಿಶ್ ಮಾಡಿದರೆ ತಿಳಿಯಾಗುತ್ತದೆ. ಕೊನೆಗೆ ಆಲ್ಕೊಹಾಲಿನಲ್ಲಿ ಒರೆಸಿ ಅತಿನೇರಳೆ ತಡೆಯುವ ಕ್ಲಿಯರ್ ಕೋಟ್ ಹಾಕಿ. ಈ ಹಂತ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಎರಡು ಭಾಗ ಬೆರೆಸುವ ಕೋಟ್ ಗಟ್ಟಿಯಾಗಿ ಬಾಳುತ್ತದೆ. ಆದರೆ ಅದರ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ತಕ್ಕ ಮಾಸ್ಕ್ ಇಲ್ಲದೆ ಸ್ಪ್ರೇ ಮಾಡಬಾರದು.

ಮಬ್ಬು ಒಳಮೈಯಲ್ಲಿದ್ದರೆ ಹೊರಗೆ ಎಷ್ಟು ಉಜ್ಜಿದರೂ ಪ್ರಯೋಜನ ಇಲ್ಲ. ಹಾಗೇ ರಿಫ್ಲೆಕ್ಟರಿನ ಬೆಳ್ಳಿ ಪದರ ಕಂದಿದ್ದರೆ, ಎದ್ದಿದ್ದರೆ ಪೂರ್ತಿ ದೀಪವನ್ನೇ ಬದಲಿಸಬೇಕು. ಅದನ್ನು ಬಟ್ಟೆಯಿಂದ ಒರೆಸಲು ಹೋಗಬೇಡಿ. ಅಲ್ಯೂಮಿನಿಯಂ ಪದರ ಎಷ್ಟು ತೆಳು ಅಂದರೆ ಬಟ್ಟೆಯ ಜೊತೆಗೇ ಬಂದುಬಿಡುತ್ತದೆ.

ಮಳೆಯಲ್ಲಿ ಓಡಿದ ಮೇಲೆ ಒಳಗೆ ತೆಳು ಆವಿ ಕಟ್ಟಿ, ದೀಪ ಹಾಕಿದ ಸ್ವಲ್ಪ ಹೊತ್ತಿಗೆ ಹೋದರೆ ಅದು ದೋಷವಲ್ಲ. ಹೆಡ್‌ಲೈಟಿಗೆ ಉಸಿರಾಡುವ ತೂತು ಇರುತ್ತದೆ. ಹನಿ ಹನಿಯಾಗಿ ಇಳಿದರೆ, ಕೆಳಗೆ ನೀರು ನಿಂತರೆ ಮಾತ್ರ ಚಿಂತೆ. ಹಿಂದಿನ ರಬ್ಬರ್ ಮುಚ್ಚಳ ಸರಿಯಾಗಿ ಕೂತಿದೆಯೇ ಮೊದಲು ನೋಡಿ. ಬಲ್ಬ್ ಬದಲಿಸಿದವರು ಅದನ್ನು ಅರೆಬರೆ ಹಾಕಿರುವುದು ಬಹಳ ಸಾಮಾನ್ಯ. ನೀರು ಬರುತ್ತದೆ ಅಂತ ಉಸಿರಾಟದ ತೂತಿಗೆ ಸಿಲಿಕೋನ್ ತುಂಬಬೇಡಿ, ಒಳಗಿನ ತೇವ ಹೊರಹೋಗದೆ ರಿಫ್ಲೆಕ್ಟರ್ ಹಾಳಾಗುತ್ತದೆ.

ಎಲ್‌ಇಡಿ, ಎಚ್‌ಐಡಿ ಹಾಕಬಹುದೇ?

ಹ್ಯಾಲೊಜನ್ ಬಲ್ಬಿಗಾಗಿ ಮಾಡಿದ ರಿಫ್ಲೆಕ್ಟರಿಗೆ ಎಚ್‌ಐಡಿ ಕಿಟ್ ಹಾಕಬೇಡಿ ಅಂತಲೇ ನಾನು ಹೇಳುವುದು. ರಿಫ್ಲೆಕ್ಟರಿನ ಒಂದೊಂದು ಮುಖವನ್ನೂ ಫಿಲಮೆಂಟ್ ಇರುವ ಜಾಗ, ಉದ್ದ, ದಪ್ಪ ಲೆಕ್ಕ ಹಾಕಿ ಕಡೆದಿರುತ್ತಾರೆ. ಎಚ್4ನಲ್ಲಿ ಲೋ ಫಿಲಮೆಂಟಿನ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇದೆ. ಬೆಳಕು ಮೇಲೆ ಹೋಗದಂತೆ ಗೆರೆ ಕೊಯ್ಯುವುದು ಅದೇ. ಬೆಳಕಿನ ಮೂಲ ಕೂದಲೆಳೆಯಷ್ಟು ಸರಿದರೂ ಆ ಗೆರೆ ಕೆಡುತ್ತದೆ. ಎದುರಿಂದ ಬರುವವರ ಕಣ್ಣು ಕೋರೈಸುತ್ತದೆ, ನಿಮ್ಮ ರಸ್ತೆಯ ದೂರದ ಭಾಗ ಕತ್ತಲಾಗಿಯೇ ಉಳಿಯುತ್ತದೆ. ಕಾರಿನ ಮುಂದೆ ಹತ್ತಿರದಲ್ಲಿ ಬೆಳ್ಳಗೆ ಕಾಣುವುದರಿಂದ ಬೆಳಕು ಜಾಸ್ತಿಯಾಯಿತು ಅನ್ನುವ ಭ್ರಮೆ ಹುಟ್ಟುತ್ತದೆ, ಅಷ್ಟೇ.

ಎಲ್‌ಇಡಿ ಬಲ್ಬುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅನೇಕ ದೇಶಗಳಲ್ಲಿ ಇವು ರಸ್ತೆಗೆ ಕಾನೂನುಬದ್ಧವೂ ಅಲ್ಲ. ನಿಮ್ಮಲ್ಲಿ ಒಪ್ಪಿಗೆ ಇದ್ದು ಹಾಕುವುದಾದರೆ ಚಿಪ್‌ಗಳು ಫಿಲಮೆಂಟ್ ಇದ್ದ ಜಾಗದಲ್ಲೇ, ಎಡ ಬಲಕ್ಕೆ ಮುಖ ಮಾಡಿ ಕೂರಬೇಕು. ಮೇಲೆ ಕೆಳಗೆ ಮುಖ ಮಾಡಿದ್ದರೆ ಬೆಳಕಿನ ಆಕಾರ ಪೂರ್ತಿ ಕೆಟ್ಟುಹೋಗುತ್ತದೆ. ಹಿಂದಿನ ಫ್ಯಾನಿಗೆ ಜಾಗ ಇದೆಯೇ, ರಬ್ಬರ್ ಮುಚ್ಚಳ ಹಾಕಲು ಆಗುತ್ತದೆಯೇ ನೋಡಿ. ಹಾಕಿದ ಮೇಲೆ ದೀಪ ಮಿನುಗಿದರೆ ಕಾರಿನ ಕಂಪ್ಯೂಟರಿಗೆ ಕಡಿಮೆ ಕರೆಂಟ್ ಕಂಡು ಬಲ್ಬ್ ಹೋಗಿದೆ ಅನ್ನಿಸಿರಬಹುದು. ರೇಡಿಯೊದಲ್ಲಿ ಗೊರಗೊರ ಬಂದರೆ ಎಲ್‌ಇಡಿಯ ಡ್ರೈವರೇ ಕಾರಣ.

ಹ್ಯಾಲೊಜನ್‌ನಲ್ಲೇ ಇದ್ದುಕೊಂಡು ಸುಧಾರಿಸಬೇಕೆಂದರೆ ಒಳ್ಳೆಯ ಗುಣಮಟ್ಟದ, ಅದೇ ವ್ಯಾಟ್‌ನ, ಬಣ್ಣ ಬಳಿಯದ ಬಲ್ಬ್ ತೆಗೆದುಕೊಳ್ಳಿ. ನೀಲಿ ಬಳಿದ ಬಲ್ಬ್ ನೋಡಲು ಬೆಳ್ಳಗೆ ಕಂಡರೂ ಆ ನೀಲಿ ಸ್ವಲ್ಪ ಬೆಳಕನ್ನು ತಿಂದೇ ಹೊರಬಿಡುವುದು. ಜಾಸ್ತಿ ಬೆಳಕು ಅಂತ ಮಾರುವ ಬಲ್ಬಿನಲ್ಲಿ ಫಿಲಮೆಂಟ್ ಹೆಚ್ಚು ಕಾಯುತ್ತದೆ, ಆಯುಸ್ಸು ಕಡಿಮೆ. ಇದನ್ನು ಗೊತ್ತಿದ್ದೇ ಕೊಳ್ಳಿ.

ಕೊನೆಯ ಕೆಲಸ: ಬೀಮ್ ಸರಿಹೊಂದಿಸುವುದು

ಬಲ್ಬ್ ಬದಲಿಸಿರಲಿ, ದೀಪ ಕಳಚಿ ಹಾಕಿರಲಿ, ಇದನ್ನು ಮಾಡದೆ ಬಾನೆಟ್ ಮುಚ್ಚಬೇಡಿ. ಸಮತಟ್ಟಾದ ನೆಲ, ಎದುರಿಗೆ ಗೋಡೆ ಬೇಕು. ಟೈರಿಗೆ ಸರಿಯಾದ ಗಾಳಿ, ಚಾಲಕರ ಸೀಟಿನಲ್ಲಿ ಒಬ್ಬರು, ಬೀಮ್ ಏರಿಸಿ ಇಳಿಸುವ ಡ್ಯಾಶ್‌ಬೋರ್ಡಿನ ಲೆವೆಲಿಂಗ್ ಚಕ್ರ 0 ಮೇಲೆ. ಕಾರನ್ನು ಗೋಡೆಗೆ ಒತ್ತಿ ನಿಲ್ಲಿಸಿ ಎರಡೂ ದೀಪದ ನಡುಬಿಂದು ಗೋಡೆ ಮೇಲೆ ಗುರುತು ಮಾಡಿ. ಆಮೇಲೆ ನೇರ ಹಿಂದಕ್ಕೆ 10 ಮೀಟರ್ ಹೋಗಿ. ಬಹಳಷ್ಟು ಹೆಡ್‌ಲೈಟುಗಳ ಮೇಲೋ ಬಾನೆಟ್ ಕೆಳಗಿನ ಚೀಟಿಯಲ್ಲೋ ಶೇಕಡಾ ಅಂಕಿ ಮುದ್ರಿಸಿರುತ್ತದೆ. ಶೇಕಡಾ 1 ಅಂದರೆ 10 ಮೀಟರಿಗೆ 10 ಸೆಂಟಿಮೀಟರ್. ಲೋ ಬೀಮಿನ ಮೇಲಿನ ಗೆರೆ ನಿಮ್ಮ ಗುರುತಿಗಿಂತ ಅಷ್ಟು ಕೆಳಗೆ ಬೀಳಬೇಕು. ಗೆರೆ ಮೇಲಕ್ಕೆ ತಿರುಗುವ ಮೂಲೆ ಆ ದೀಪದ ನಡುಬಿಂದುವಿನ ನೇರಕ್ಕೆ, ತಿರುವು ರಸ್ತೆಯ ಅಂಚಿನ ಕಡೆಗೆ ಇರಬೇಕು. ಒಂದು ದೀಪದ ಮುಂದೆ ರಟ್ಟು ಹಿಡಿದು ಇನ್ನೊಂದನ್ನು ಅದರ ಹೊಂದಾಣಿಕೆ ಸ್ಕ್ರೂ ತಿರುಗಿಸಿ ಹೊಂದಿಸಿ. ಬಟ್ಟೆ ಹೊದಿಸಬೇಡಿ, ಲೆನ್ಸ್ ಬಿಸಿಯಾಗುತ್ತದೆ.

ಗೆರೆಯೇ ಕಾಣುತ್ತಿಲ್ಲ, ಬರೀ ಬೆಳಕಿನ ಮುದ್ದೆ ಅಂದರೆ ಬಲ್ಬ್ ತನ್ನ ಕಚ್ಚಿಗೆ ಸರಿಯಾಗಿ ಕೂತಿಲ್ಲ. ಕಳಚಿ, ಬಲ್ಬಿನ ಕಿವಿಗಳು ರಿಫ್ಲೆಕ್ಟರಿನ ಕಚ್ಚುಗಳಲ್ಲಿ ಇಳಿದಿವೆಯೇ ನೋಡಿ, ತಂತಿಯ ಕ್ಲಿಪ್ ಪೂರ್ತಿ ಕೂರಿಸಿ. ಇನ್ನು ಸ್ಕ್ರೂ ಎಷ್ಟು ತಿರುಗಿಸಿದರೂ ಬೆಳಕು ಅಲ್ಲಾಡದಿದ್ದರೆ ಒಳಗಿನ ಪ್ಲಾಸ್ಟಿಕ್ ಗುಂಡಿ ರಿಫ್ಲೆಕ್ಟರಿನಿಂದ ಕಳಚಿಕೊಂಡಿದೆ ಅಥವಾ ಮುರಿದಿದೆ. ರಸ್ತೆಯ ಗುಂಡಿಗಳಲ್ಲಿ ಬೆಳಕು ಕುಣಿಯುತ್ತಿದ್ದರೂ ಇದೇ ಕಾರಣ. ಕಳಚಿದ್ದರೆ ದೀಪ ಹೊರತೆಗೆದು ಒತ್ತಿ ಕೂರಿಸಬಹುದು. ಮುರಿದಿದ್ದರೆ ಕೆಲವು ದೀಪಗಳಿಗೆ ಆ ಗುಂಡಿ ಬಿಡಿಯಾಗಿ ಸಿಗುತ್ತದೆ, ಅದನ್ನು ಹಾಕಿದ ಮೇಲೆ ಗೋಡೆಯ ಮುಂದಿನ ಕೆಲಸವನ್ನು ಮೊದಲಿಂದ ಮಾಡಬೇಕು.